ಕಾಣದವರು, ಕಾಣಲೊಲ್ಲದವರು

ಕುರುಂದವಾಡದ ಕೀರ್ತನಕಾರರೊಬ್ಬರ ಮಗ. ಹಬ್ಬದ ದಿನ ಪಟಾಕಿ ಮುಖದ ಹತ್ತಿರವೇ ಸಿಡಿದು ಹುಡುಗನ ಕಣ್ಣು ಕೆಟ್ಟವು. ಚಿಕಿತ್ಸೆಗೆಂದು ಮಿರಜಕ್ಕೆ ಕರೆತಂದರು. ದೃಷ್ಟಿ ಪೂರ್ತಿಯಾಗಿ ಮರಳಲಿಲ್ಲ, ಶಾಲೆಯ ಓದು ಮುಂದುವರಿಯುವಂತಿರಲಿಲ್ಲ. ಕಂಠ ಮಾತ್ರ ಚೆನ್ನಾಗಿತ್ತು. ಮಿರಜ ಸಂಸ್ಥಾನದ ಆಶ್ರಯದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಹಾಡಿಗೆ ಹಚ್ಚಿದರು. 1872ರಲ್ಲಿ ಹುಟ್ಟಿದ ಆ ಹುಡುಗನೇ ವಿಷ್ಣು ದಿಗಂಬರ ಪಲುಸ್ಕರ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ದರಬಾರಿನಲ್ಲಿದ್ದ ಸಂಗೀತವನ್ನು ತರಗತಿಗೆ ತಂದವರು. 1931ರಲ್ಲಿ ತೀರಿಕೊಂಡದ್ದೂ ಮಿರಜದಲ್ಲೇ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: ದೇವರು ಹೊರಗಣ್ಣು ಕಸಿದುಕೊಂಡು ಒಳಗಣ್ಣು ಕೊಟ್ಟ. ಕೇಳಲು ಹಿತವಾದ ಮಾತು. ಆದರೆ ನಡೆದದ್ದನ್ನೇ ನೋಡಿದರೆ ಅಲ್ಲಿ ದೇವರಿಗಿಂತ ಮನುಷ್ಯರ ಕೆಲಸ ಹೆಚ್ಚು. ಒಬ್ಬ ವೈದ್ಯ, ಒಂದು ಸಂಸ್ಥಾನದ ಖಜಾನೆ, ಕಠಿಣ ಶಿಸ್ತಿನ ಒಬ್ಬ ಗುರು, ಹತ್ತಾರು ವರ್ಷದ ರಿಯಾಜು. ಇವು ಇಲ್ಲದಿದ್ದರೆ ಕಣ್ಣು ಕೆಟ್ಟ ಹುಡುಗ ದೇವಸ್ಥಾನದ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಒಳಗಣ್ಣಿನ ಮಾತು ಯಾರ ಬಾಯಿಗೂ ಬರುತ್ತಿರಲಿಲ್ಲ.

ಕುರುಡುತನದ ವಿಷಯದಲ್ಲಿ ನಮ್ಮ ಸಾಹಿತ್ಯಕ್ಕೂ ದಿನನಿತ್ಯದ ಮಾತಿಗೂ ಎರಡೇ ಗೂಡುಗಳಿವೆ. ಒಂದರಲ್ಲಿ ಧೃತರಾಷ್ಟ್ರ, ಇನ್ನೊಂದರಲ್ಲಿ ಯೋಗಿ. ಕಾಣದವನು ಪಾಪಿಯೋ ಮೋಹಾಂಧನೋ ಆಗಿರಬೇಕು, ಇಲ್ಲವೇ ನಮಗೆ ಕಾಣದ್ದನ್ನು ಕಂಡ ಮಹಾತ್ಮನಾಗಿರಬೇಕು. ಬಸ್ ನಿಲ್ದಾಣದಲ್ಲಿ ಬೋರ್ಡು ಓದಿ ಹೇಳುವವರಿಗಾಗಿ ಕಾಯುವ, ಸಾಲ ಮಾಡುವ, ಸಿಟ್ಟಾಗುವ, ಪರೀಕ್ಷೆ ಬರೆಯುವ ಸಾಮಾನ್ಯ ಮನುಷ್ಯನಿಗೆ ಆ ಗೂಡುಗಳಲ್ಲಿ ಜಾಗವಿಲ್ಲ. ಈ ವಿಷಯವನ್ನು ಸಾಂಗಲಿ–ಮಿರಜದ ಮೇಲೆ ಹಾಯ್ದು ನೋಡುವುದಕ್ಕೆ ಕಾರಣವಿದೆ. ಹತ್ತು ಕಿಲೋಮೀಟರ್ ಅಂತರದ, ಈಗ ಒಂದೇ ಮಹಾನಗರಪಾಲಿಕೆಗೆ ಸೇರಿದ ಈ ಎರಡು ಊರುಗಳಲ್ಲಿ ಮಿರಜ ಕಣ್ಣಿಗೆ ಚಿಕಿತ್ಸೆ ಮಾಡಿತು, ಕಣ್ಣಿಲ್ಲದವರ ಹಾಡಿಗೂ ಒದಗಿತು. ಸಾಂಗಲಿ ಕಣ್ಣಿದ್ದವರ ಕುರುಡನ್ನು ರಂಗದ ಮೇಲೆ ತಂದಿತು.

ಮಿರಜದ ಆಸ್ಪತ್ರೆಗಳ ಕಥೆ ವಿಲಿಯಂ ವಾನ್ಲೆಸ್ ಅವರಿಂದ ಮೊದಲಾಗುತ್ತದೆ. ಕೆನಡಾದಲ್ಲಿ ಹುಟ್ಟಿದ ಈ ಪ್ರೆಸ್ಬಿಟೀರಿಯನ್ ಮಿಶನರಿ ವೈದ್ಯ 1889ರಲ್ಲಿ ಬಂದು ಮೊದಲು ಸಾಂಗಲಿಯಲ್ಲಿ ಸಣ್ಣ ದವಾಖಾನೆ ನಡೆಸಿದರು. 1894ರಲ್ಲಿ ಮಿರಜದ ಆಸ್ಪತ್ರೆ, 1897ರಲ್ಲಿ ವೈದ್ಯಕೀಯ ಶಾಲೆ. ಅವರ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದದ್ದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಅದಕ್ಕೆ ಕಾರಣವೂ ಇದೆ. ಜ್ವರ ಇಳಿದದ್ದು ಔಷಧದಿಂದಲೋ ಹರಕೆಯಿಂದಲೋ ಎಂದು ವಾದ ಮಾಡಬಹುದು. ಕೈ ಹಿಡಿದು ಕರೆತಂದ ಮುದುಕ ತಾನಾಗಿಯೇ ನಡೆದು ಊರಿಗೆ ಹೋದರೆ ವಾದವೇ ಇಲ್ಲ. ರೈಲು ಕೂಡುವ ಊರಾದ್ದರಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯ ಜನರಿಗೂ ‘ಮಿರಜದ ದವಾಖಾನಿ’ ಎಂಬುದು ಕಡೆಯ ಭರವಸೆಯ ಹೆಸರಾಯಿತು. ಈಗಲೂ ಅಲ್ಲಿಯ ಆಸ್ಪತ್ರೆಗಳ ಪಡಸಾಲೆಗಳಲ್ಲಿ ಅಥಣಿ, ರಾಯಬಾಗ, ಕುಡಚಿಯ ಕನ್ನಡ ಕಿವಿಗೆ ಬೀಳುತ್ತದೆ. ಗೋಡೆಯ ಫಲಕಗಳಲ್ಲಿ ಆ ಕನ್ನಡವನ್ನು ಹುಡುಕಬೇಕಾಗುತ್ತದೆ, ಅದು ಬೇರೆ ಮಾತು.

ಬಿಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಈ ಕೆಲಸವನ್ನು ಕಟ್ಟಡದಿಂದ ಹೊರಗೆ ತಂದರು. ಶಾಲೆಯ ಕೋಣೆ, ಕಲ್ಯಾಣ ಮಂಟಪ, ಪೆಂಡಾಲು, ಎಲ್ಲೆಂದರಲ್ಲಿ ನೇತ್ರ ಶಿಬಿರ. ಒಂದೇ ದಿನದಲ್ಲಿ ಎಂಟುನೂರಕ್ಕೂ ಹೆಚ್ಚು ಕಣ್ಣುಗಳ ಪೊರೆ ತೆಗೆದರೆಂಬುದು ದಾಖಲೆಯ ಪುಸ್ತಕ ಸೇರಿತು. ಇವತ್ತಿನ ವೈದ್ಯರು ಆ ವೇಗ ಕೇಳಿ ಹುಬ್ಬೇರಿಸುತ್ತಾರೆ, ಅದು ಸಹಜ. ಆಗ ಕಣ್ಣಿನ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಒಳಗೆ ಹೊಸ ಮಸೂರ ಕೂರಿಸುತ್ತಿರಲಿಲ್ಲ. ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ಆ ಕನ್ನಡಕ ಒಡೆದ ದಿನ ಮುದುಕ ಮತ್ತೆ ಕುರುಡನಾಗುತ್ತಿದ್ದ.

ಭಾರತ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ್ದು 1976ರಲ್ಲಿ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಅಂಧತ್ವದ ಪ್ರಮಾಣ ಶೇ. 0.36 ಎಂದಿತು. ಐವತ್ತು ದಾಟಿದವರಲ್ಲಿ ಅದು ಶೇ. 1.99, ಅವರ ಅಂಧತ್ವದ ಶೇ. 66.2ಕ್ಕೆ ಪೊರೆಯೇ ಕಾರಣ. ಅದಕ್ಕೆ ಸುಮಾರು ಹತ್ತು ವರ್ಷ ಹಿಂದಿನ ಸಮೀಕ್ಷೆಯಲ್ಲಿ ದೇಶದ ಒಟ್ಟು ಪ್ರಮಾಣ ಶೇ. 1 ಇದ್ದದ್ದು ಶೇ. 0.36ಕ್ಕೆ ಇಳಿಯಿತಲ್ಲ ಎಂದು ಸಂತೋಷಪಡುವ ಮೊದಲು ಒಂದು ವಿಷಯ ತಿಳಿದಿರಬೇಕು. 2017ರಲ್ಲಿ ಸರಕಾರ ಕುರುಡು ಎಂಬುದರ ಅಳತೆಯನ್ನೇ ಬದಲಿಸಿತು. ಅಲ್ಲಿಯವರೆಗೆ ಆರು ಮೀಟರ್ ದೂರದಲ್ಲಿ ಹಿಡಿದ ಬೆರಳು ಎಣಿಸಲಾರದವರು ಅಂಧರ ಲೆಕ್ಕಕ್ಕೆ ಬರುತ್ತಿದ್ದರು; ಆಮೇಲೆ ಮೂರು ಮೀಟರಿನಲ್ಲಿ ಎಣಿಸಲಾರದವರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಿಕೊಂಡೆವು ಎಂಬ ವಿವರಣೆಯಲ್ಲಿ ತಪ್ಪಿಲ್ಲ, ಬೇರೆ ದೇಶಗಳೊಂದಿಗೆ ಹೋಲಿಸಲು ಅದು ಬೇಕು. ಶಸ್ತ್ರಚಿಕಿತ್ಸೆಗಳಿಂದ ನಿಜವಾಗಿಯೂ ಸಾಕಷ್ಟು ಇಳಿಕೆಯಾಗಿದೆ ಎಂಬುದೂ ಸತ್ಯ. ಆದರೂ ನಾಲ್ಕೈದು ಮೀಟರಿನಾಚೆ ಬೆರಳು ಎಣಿಸಲಾರದ ಲಕ್ಷಾಂತರ ಜನ ಒಂದು ಸುತ್ತೋಲೆಯಿಂದ ಅಂಧರ ಪಟ್ಟಿಯಿಂದ ಹೊರಬಿದ್ದರು. ಕಣ್ಣು ಇದ್ದ ಹಾಗೇ ಇತ್ತು, ನೋಡುವವರ ಕಣ್ಣು ಬದಲಾಯಿತು.

ಮನೆಯೊಳಗಿನ ಲೆಕ್ಕ ಇನ್ನೂ ಸೂಕ್ಷ್ಮ. ಮಗ “ಯವ್ವಾ, ಪರಿ ತಗಸ್ಕೊಂಡ್ ಬರೂಣು ನಡಿ” ಎಂದರೆ ತಾಯಿ “ಈಗ ಬ್ಯಾಡೋ ಯಪ್ಪಾ, ರಾಶಿ ಮುಗೀಲಿ, ಇಷ್ಟ್ ವಯಸ್ಸಾದ ಮ್ಯಾಲ ಇನ್ನೇನ್ ನೋಡೂದೈತಿ” ಅನ್ನುತ್ತಾಳೆ. ರಾಶಿ ಮುಗಿದ ಮೇಲೆ ಮದುವೆ, ಮದುವೆ ಮುಗಿದ ಮೇಲೆ ಬಾಣಂತನ. ಗಂಡಸಿನ ಕಣ್ಣಿಗೆ ಪೊರೆ ಬಂದರೆ ಬ್ಯಾಂಕಿನ ಚೀಟಿಯಲ್ಲಿ, ಸೈಕಲ್ಲಿನ ಮೇಲೆ, ಬಾಗಿಲಾಚೆಯ ಎಲ್ಲ ವ್ಯವಹಾರದಲ್ಲಿ ಅದು ಗೊತ್ತಾಗಿಬಿಡುತ್ತದೆ. ಹೆಂಗಸು ಅದೇ ಒಲೆ, ಅದೇ ಡಬ್ಬಿ, ಅದೇ ಹಿತ್ತಲಿನ ನಡುವೆ ಕೈಯಳತೆಯಲ್ಲಿ ರೊಟ್ಟಿ ತಟ್ಟುತ್ತ ವರ್ಷಗಟ್ಟಲೆ ಸಾಗಿಸಿಬಿಡುತ್ತಾಳೆ. ಅನ್ನದಲ್ಲಿ ಹರಳು ಸಿಕ್ಕಾಗ ಮನೆಯವರು ಬೈಯುತ್ತಾರೆಯೇ ವಿನಾ ಕಣ್ಣು ನೋಡುವುದಿಲ್ಲ. ಪೊರೆಯಿಂದ ಕುರುಡಾದವರಲ್ಲಿ ಹೆಂಗಸರು ಹೆಚ್ಚು, ಶಸ್ತ್ರಚಿಕಿತ್ಸೆ ತಲುಪಿದವರಲ್ಲಿ ಕಡಿಮೆ ಎಂಬುದು ಹಲವು ಬಡದೇಶಗಳಲ್ಲಿ ಕಂಡುಬಂದ ಸಂಗತಿ. ಇಲ್ಲಿ ಯಾರು ಕುರುಡರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ.

ಹಾಡಿನ ಕಡೆ ಬರೋಣ. ಇಚಲಕರಂಜೀಕರರ ಇನ್ನೊಬ್ಬ ಶಿಷ್ಯ ಮಿರಜದ ನೀಲಕಂಠಬುವಾ ಆಲೂರಮಠ. ನಾಟಕ ಕಂಪನಿಯಲ್ಲಿದ್ದ ಬಾಲಕ ಮಲ್ಲಿಕಾರ್ಜುನ ಮನ್ಸೂರರನ್ನು ಮಿರಜಕ್ಕೆ ಕರೆದೊಯ್ದು ತಯಾರು ಮಾಡಿದವರು. ಇದೇ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಕಲಿತ ಮತ್ತೊಬ್ಬರು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳು. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಎತ್ತಿದ ಈ ಹುಡುಗ ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅವರ ನಂತರ, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಆಶ್ರಮವನ್ನು 2010ರವರೆಗೆ ನಡೆಸಿದರು. ಹಾಡಿನ ಜೊತೆಗೆ ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಪುರಾಣಗಳನ್ನೂ ನಾಟಕಗಳನ್ನೂ ಬರೆದರು, ನಾಟಕ ಕಂಪನಿಯನ್ನೇ ಕಟ್ಟಿ ಅದರ ಗಳಿಕೆಯಿಂದ ನೂರಾರು ಮಕ್ಕಳ ಊಟ ನಡೆಸಿದರು.

ಭಕ್ತರು ಇಬ್ಬರನ್ನೂ ನಡೆದಾಡುವ ದೇವರು ಎಂದು ಕರೆಯುತ್ತಾರೆ. ನನಗೆ ಅವರು ದೊಡ್ಡವರಾಗಿ ಕಾಣುವುದು ವ್ಯವಸ್ಥಾಪಕರಾಗಿ. ದಾನಿಗಳನ್ನು ಹಿಡಿದು, ಕಂಪನಿಯ ಸಾಲ ಹೊತ್ತು, ಊರೂರು ಸುತ್ತಿ, ಅಂಧ ಮಕ್ಕಳಿಗೆ ಭಿಕ್ಷೆಯಲ್ಲದ ಕಸುಬೊಂದನ್ನು ಕೊಟ್ಟವರು. ಆ ಕಸುಬು ಸಂಗೀತವೇ ಯಾಕಾಯಿತು? ಕಿವಿಯಿಂದ ಕಿವಿಗೆ ಹೋಗುವ ವಿದ್ಯೆ ಅದು, ಪುಸ್ತಕ ಬೇಡ. ಮಿರಜದಲ್ಲಿ ವಾದ್ಯ ಮಾಡುವ ಸತಾರಮೇಕರ ಮನೆತನದವರು ತಂಬೂರಿಯ ಕುದುರೆಯ ಮೇಲೆ ಜವಾರಿ ತೆರೆಯುವಾಗಲೂ ಕಡೆಯ ತೀರ್ಮಾನ ಕಿವಿಯದೇ. ಇದರಲ್ಲಿ ಒಂದು ವಿಚಿತ್ರವೂ ಇದೆ. ಈ ವಿದ್ಯೆಗೆ ಸ್ವರಲಿಪಿ ರೂಪಿಸಿ, ಪಾಠಗಳನ್ನು ಅಚ್ಚು ಹಾಕಿಸಿ, ಕಣ್ಣಿನಿಂದ ಓದಿ ಕಲಿಯುವ ದಾರಿ ಮಾಡಿಕೊಟ್ಟವರಲ್ಲಿ ಮೊದಲ ಸಾಲಿನವರು ಕಣ್ಣು ಕೆಟ್ಟಿದ್ದ ಪಲುಸ್ಕರರು. ಕಾಣದವರಿಗೆ ಕಾಗದದ ಬೆಲೆ ಗೊತ್ತಿಲ್ಲ ಎಂದುಕೊಂಡಿದ್ದರೆ ಅದು ನಮ್ಮ ಕಲ್ಪನೆ. ಅಂಧ ಮಗು ಎಂದೊಡನೆ ಹಾರ್ಮೋನಿಯಂ ಮುಂದೆ ಕೂರಿಸುವ ನಮ್ಮ ಅಭ್ಯಾಸಕ್ಕೂ ಇದು ಅನ್ವಯಿಸುತ್ತದೆ. ದನಿಯೇ ಇಲ್ಲದ, ಲೆಕ್ಕದಲ್ಲಿ ಚುರುಕಾದ ಅಂಧ ಮಗುವೂ ಇರುತ್ತದೆ.

ಇನ್ನು ಸಾಂಗಲಿ. 1843ರಲ್ಲಿ ವಿಷ್ಣುದಾಸ ಭಾವೆ ಇಲ್ಲಿ ಆಡಿದ ಸೀತಾಸ್ವಯಂವರವನ್ನು ಮರಾಠಿಯ ಮೊದಲ ನಾಟಕವೆಂದು ಎಣಿಸುತ್ತಾರೆ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ ನೋಡಿದ ಸಾಂಗಲಿಯ ರಾಜರು, ನಮ್ಮಲ್ಲೂ ಇಂಥದೊಂದು ಬೇಕೆಂದು ಅದನ್ನು ಮಾಡಿಸಿದ್ದು. ಆ ರಂಗಭೂಮಿ ಬೆಳೆದು ಹರಿಪುರದ ಗೋವಿಂದ ಬಲ್ಲಾಳ ದೇವಲ ಮತ್ತು ಸಾಂಗಲಿಯ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ ಅವರ ಕೈಗೆ ಬಂದಾಗ ಕಣ್ಣಿದ್ದವರ ಕುರುಡೇ ಅದರ ವಸ್ತುವಾಯಿತು. ದೇವಲರ ಸಂಗೀತ ಶಾರದಾ 1899ರದು. ದುಡ್ಡಿಗಾಗಿ ಮಗಳನ್ನು ಮುದುಕನಿಗೆ ಕೊಡಲು ಹೊರಟ ತಂದೆಯ ಹೆಸರು ಕಾಂಚನಭಟ. ಕನ್ನಡ ಓದುಗನಿಗೆ ತಕ್ಷಣ ಬೇಂದ್ರೆಯವರ ‘ಕುರುಡು ಕಾಂಚಾಣ’ ನೆನಪಾಗುತ್ತದೆ. ದೇವಲರಲ್ಲಿ ಕಾಂಚನ ಮನುಷ್ಯನನ್ನು ಕುರುಡು ಮಾಡುತ್ತದೆ. ಮರಾಠಿ ಮನೆಮಾತಿನ ಧಾರವಾಡದ ಕವಿಯಲ್ಲಿ ಕಾಂಚಾಣವೇ ಕುರುಡು, ಕಾಲಿಗೆ ಬಿದ್ದವರನ್ನು ತುಳಿಯುತ್ತ ಕುಣಿಯುತ್ತದೆ. ಎರಡನೆಯದು ಹೆಚ್ಚು ಭಯಂಕರ. ದೇವಲರ ಸಂಶಯಕಲ್ಲೋಳದಲ್ಲಿ ಇನ್ನೊಂದು ಬಗೆ: ಹೆಂಡತಿಯ ಕೈಯಲ್ಲಿ ಪರಪುರುಷನ ಚಿತ್ರ ಕಂಡ ಗಂಡ, ಕಂಡದ್ದನ್ನೇ ನಂಬಿ ಕೆಡುತ್ತಾನೆ.

ಖಾಡಿಲ್ಕರರ ಕೀಚಕವಧ 1907ರಲ್ಲಿ ರಂಗಕ್ಕೆ ಬಂತು. ವಿರಾಟನ ಆಸ್ಥಾನದಲ್ಲಿ ಹೆಣ್ಣಿಗೆ ಅವಮಾನವಾಗುತ್ತಿದ್ದರೆ ರಾಜ ನೋಡಿಯೂ ನೋಡದಂತಿರುತ್ತಾನೆ. ಕೀಚಕ ಎಂದರೆ ಲಾರ್ಡ್ ಕರ್ಜನ್, ಸೈರಂಧ್ರಿ ಎಂದರೆ ದೇಶ ಎಂಬುದು ಪಿಟ್‌ನಲ್ಲಿ ಕೂತ ಪ್ರೇಕ್ಷಕನಿಗೂ ತಿಳಿದಿತ್ತು. ಸರಕಾರಕ್ಕೆ ಅದು ಕಂಡು ನಿಷೇಧ ಹೊರಡುವ ಹೊತ್ತಿಗೆ 1910 ಆಗಿತ್ತು. ಅಷ್ಟರೊಳಗೆ ನಾಟಕ ತನ್ನ ಕೆಲಸ ಮುಗಿಸಿತ್ತು.

ಗಮನಿಸಬೇಕಾದದ್ದು, ಈ ನಾಟಕಗಳು ಇದಕ್ಕಾಗಿ ಕಣ್ಣಿಲ್ಲದ ಪಾತ್ರವನ್ನು ಬಳಸಿಕೊಳ್ಳಲಿಲ್ಲ. ಮಹಾಭಾರತದ ವಿಷಯದಲ್ಲಿ ನಾವು ಮಾಡಿದ್ದು ಅದಕ್ಕೆ ತಿರುವುಮುರುವು. ಮಗನ ತಪ್ಪು ಕಾಣದ ತಂದೆಗೆಲ್ಲ ಧೃತರಾಷ್ಟ್ರ ಎಂದು ಹೆಸರಿಡುತ್ತೇವೆ. ಆದರೆ ಇಡೀ ಕಥೆಯಲ್ಲಿ ಅವನಷ್ಟು ಸುದ್ದಿ ತಿಳಿದವನು ಇನ್ನೊಬ್ಬನಿಲ್ಲ. ವಿದುರ ಮುಂಚಿತವಾಗಿ ಹೇಳುತ್ತಾನೆ, ಸಂಜಯ ನಡೆದದ್ದನ್ನು ನಡೆದಂತೆ ಹೇಳುತ್ತಾನೆ, ದ್ಯೂತದ ಸಭೆಯಲ್ಲಿ ದಾಳ ಉರುಳಿದ ಸದ್ದು ಅವನ ಕಿವಿಗೇ ಬೀಳುತ್ತದೆ. ಅವನಿಗೆ ಗೊತ್ತಿತ್ತು; ಬೇಡವಾಗಿತ್ತು. ಅದೇ ಸಭೆಯಲ್ಲಿ ಭೀಷ್ಮ, ದ್ರೋಣ, ಕೃಪ ಎಲ್ಲರಿಗೂ ಕಣ್ಣು ನೆಟ್ಟಗಿದ್ದವು, ತಲೆ ತಗ್ಗಿಸಿದರು. ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ ಕುರುಡು ತಂದೆಯನ್ನೂ ಕಣ್ಣು ಕಟ್ಟಿಕೊಂಡ ತಾಯಿಯನ್ನೂ ರಣಭೂಮಿಗೇ ತಂದು ಮಗನ ಮುಂದೆ ನಿಲ್ಲಿಸುತ್ತಾನೆ. ಅಲ್ಲಿ ಸಂಧಿ ಮಾಡಿಕೋ ಎಂದು ಬೇಡುವ ಮುದುಕನ ದುಃಖದಲ್ಲಿ ರೂಪಕವಿಲ್ಲ, ತಂದೆತನವಿದೆ. ಕವಿ ದೊಡ್ಡವನಾದಷ್ಟೂ ಕುರುಡುತನ ಸಂಕೇತವಾಗುವುದು ಕಡಿಮೆಯಾಗುತ್ತದೆ ಎಂದು ನನ್ನ ಎಣಿಕೆ.

ಜನ್ನನ ಯಶೋಧರ ಚರಿತೆಯ ಅಮೃತಮತಿಯನ್ನು ನೋಡಿ. ಅರಮನೆಯ ಹಾಸಿಗೆಯಲ್ಲಿ ಮಲಗಿ, ಆನೆಲಾಯದಿಂದ ಬಂದ ಹಾಡು ಕೇಳಿಯೇ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಎಂದು ದೂತಿ ಹೇಳಿದರೂ ಬದಲಾಗುವುದಿಲ್ಲ. ಕಾಮಕ್ಕೆ ಕಣ್ಣಿಲ್ಲ ಎಂದು ತೀರ್ಪು ಕೊಟ್ಟು ಮುಗಿಸಿಬಿಡುತ್ತೇವೆ. ಅವಳ ಕಿವಿ ಏನು ಕೇಳಿತು ಎಂದು ವಿಚಾರಿಸುವುದಿಲ್ಲ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ ನಾಗಮಂಡಲದಲ್ಲಿ ಕುರುಡವ್ವ ಬರುತ್ತಾಳೆ, ಮಗ ಕಪ್ಪಣ್ಣನ ಬೆನ್ನ ಮೇಲೆ. ಬೀಗ ಹಾಕಿದ ಮನೆಯ ಕಿಟಕಿಯಿಂದ ಕೈ ಚಾಚಿ ರಾಣಿಯ ಮುಖ ಸವರಿ ಅವಳ ಸ್ಥಿತಿ ಅರಿಯುತ್ತಾಳೆ. ದಿನವೂ ಉಣ್ಣಲು ಬರುವ ಗಂಡ ಅಪ್ಪಣ್ಣ ಆ ಮುಖವನ್ನು ಒಮ್ಮೆಯೂ ನೋಡಿಲ್ಲ. ಇಷ್ಟರಲ್ಲೇ ನಿಂತಿದ್ದರೆ ಅದೂ ಒಳಗಣ್ಣಿನ ಕಥೆಯಾಗುತ್ತಿತ್ತು. ಆದರೆ ಕುರುಡವ್ವ ಬಾಯಿಬಡುಕಿ, ಬೇರು ಕೊಟ್ಟು ಎಡವಟ್ಟು ಮಾಡುವವಳು, ಕಡೆಗೆ ಮಗನನ್ನೇ ಕಳೆದುಕೊಂಡು ಕೂಗುತ್ತ ಅಲೆಯುವವಳು. ಸಂತಳೂ ಅಲ್ಲ, ಪಾಪಿಯೂ ಅಲ್ಲ. ಕನ್ನಡದಲ್ಲಿ ಕಣ್ಣಿಲ್ಲದ ಪಾತ್ರಕ್ಕೆ ಇಷ್ಟು ಸಲಿಗೆಯ ಬದುಕು ಸಿಕ್ಕದ್ದು ವಿರಳ.

ಅಂಧರು ಆನೆ ಮುಟ್ಟಿದ ಕಥೆಯನ್ನು ಬಿಡುವಂತಿಲ್ಲ. ದಕ್ಷಿಣ ಭಾರತ ಜೈನ ಸಭೆಯ ಕೇಂದ್ರವಿರುವ ಸಾಂಗಲಿಯ ಸೀಮೆಯಲ್ಲಿ ಅನೇಕಾಂತವಾದ ವಿವರಿಸುವ ಪ್ರವಚನಕಾರರಿಗೆ ಅದು ಕೈಗೆಟಕುವ ದೃಷ್ಟಾಂತ. ಬೌದ್ಧರ ಉದಾನವೆಂಬ ಗ್ರಂಥದಲ್ಲೂ ಇದೆ. ಅಲ್ಲಿ ಸಾವತ್ಥಿಯ ರಾಜನೊಬ್ಬ ಹುಟ್ಟುಗುರುಡರನ್ನೆಲ್ಲ ಸೇರಿಸಿ, ಆನೆ ಮುಟ್ಟಿಸಿ, ಅವರು ಗುದ್ದಾಡುವುದನ್ನು ನೋಡಿ ಸಂತೋಷಪಡುತ್ತಾನೆ. ನೀತಿ ಹೇಳುವವರು ಈ ರಾಜನ ಬಗ್ಗೆ ಮಾತಾಡುವುದಿಲ್ಲ. ಪೂರ್ತಿ ಆನೆ ಕಂಡವನು ಅವನೊಬ್ಬನೇ, ಹೇಳದೆ ನಕ್ಕವನೂ ಅವನೇ. ಇನ್ನು ಅಂಧರ ವಿಷಯ: ಹೊಸ ಕೋಣೆಗೆ ಹೊಕ್ಕ ಅಂಧರನ್ನು ಕಂಡವರಿಗೆ ಗೊತ್ತು, ಅವರು ಗೋಡೆಗುಂಟ ಒಂದು ಸುತ್ತು ಹಾಕುತ್ತಾರೆ. ಬಾಲ ಹಿಡಿದು ಅಲ್ಲೇ ನಿಂತುಬಿಡುವುದು ಕಣ್ಣಿದ್ದವರು ಬರೆದ ಕಥೆಯಲ್ಲಿ ಮಾತ್ರ.

ಹಾಗಾದರೆ ಕುರುಡು ಎಂಬ ರೂಪಕವನ್ನೇ ಬಿಡಬೇಕೆ? ಬಿಡಲಾಗದು. ಕೆಲವು ಸಂಗತಿಗಳಿಗೆ ಬೇರೆ ಹೆಸರು ಸಿಗುವುದಿಲ್ಲ. ಮಿರಜ ತಾಲೂಕಿನ ಮ್ಹೈಸಾಳ ಕಾಗವಾಡದ ಮಗ್ಗುಲಿನ ಗಡಿ ಹಳ್ಳಿ. 2017ರ ಮಾರ್ಚಿನಲ್ಲಿ ಗರ್ಭಪಾತದ ವೇಳೆ ಒಬ್ಬ ಹೆಂಗಸು ಸತ್ತು, ಪೊಲೀಸರು ಅಗೆದಾಗ 19 ಭ್ರೂಣಗಳು ಸಿಕ್ಕವು. ತನಿಖೆ ಕರ್ನಾಟಕದ ಕಡೆಗೂ ಹಬ್ಬಿತು. ಆ ದವಾಖಾನೆ ಕಾಡಿನಲ್ಲಿರಲಿಲ್ಲ, ಊರಿನಲ್ಲೇ ಇತ್ತು. ಬರುವವರ ಗಾಡಿಗಳು ಕಾಣುತ್ತಿದ್ದವು. ಲಿಂಗ ಪತ್ತೆ ನಿಷೇಧದ ಕಾಯ್ದೆ 1994ರಿಂದ ಇದೆ. ಗರ್ಭದ ಒಳಗನ್ನು ನೋಡಲೆಂದೇ ಮಾಡಿದ ಯಂತ್ರ ಬಂದ ಮೇಲೆ ಊರಿಗೆ ಊರೇ ನೋಡದಾಯಿತು. ಜಾಣಗುರುಡು ಎಂದು ಇದನ್ನು ಕರೆಯುತ್ತೇವೆ. ಅದು ರೋಗವಲ್ಲ, ಒಪ್ಪಂದ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಯ ಪೇಟೆಗೆ ನುಗ್ಗಿದಾಗ ಇದರ ಸಣ್ಣ ರೂಪ ಕಂಡಿತು. ಪ್ರವಾಹಕ್ಕೆ ಕಾರಣವೆಂದು ಸಾಂಗಲಿಯವರಿಗೆ ಕೆಳಗಿನ ಆಲಮಟ್ಟಿ ಅಣೆಕಟ್ಟು ಕಂಡಿತು, ಗಡಿಯ ಈಚೆಯ ನಮಗೆ ಮೇಲಿನ ಕೊಯ್ನಾ ಕಂಡಿತು. ನದಿಯ ಪಾತ್ರದೊಳಗೆ ಕಟ್ಟಿದ ಮನೆಗಳು ಎರಡೂ ಕಡೆಯವರಿಗೂ ಸರಿಯಾಗಿ ಕಾಣಲಿಲ್ಲ. ಆಲಮಟ್ಟಿಯ ಎತ್ತರವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಇದೇ ಜಗಳ ಮರುಕಳಿಸುತ್ತದೆ.

ಕಾನೂನಿನ ಕಡೆ ಇತ್ತೀಚೆಗೆ ಕುತೂಹಲದ ಎರಡು ಸಂಗತಿ ನಡೆದವು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಗ್ರಂಥಾಲಯದ ನ್ಯಾಯದೇವತೆಯ ಹೊಸ ಮೂರ್ತಿಯ ಸುದ್ದಿ ಬಂತು. ಅದರ ಕಣ್ಣಿಗೆ ಪಟ್ಟಿ ಇರಲಿಲ್ಲ. ಕಾನೂನು ಕುರುಡಲ್ಲ ಎಂದು ಪತ್ರಿಕೆಗಳು ಬರೆದವು. 2025ರ ಮಾರ್ಚ್ 3ರಂದು ಅದೇ ನ್ಯಾಯಾಲಯ, ಅಂಧರನ್ನು ನ್ಯಾಯಾಧೀಶರ ಹುದ್ದೆಯಿಂದ ದೂರವಿಡುತ್ತಿದ್ದ ಮಧ್ಯಪ್ರದೇಶದ ನಿಯಮವನ್ನು ಹೊಡೆದುಹಾಕಿತು. ಪಕ್ಷಪಾತ ಮಾಡಬಾರದೆಂದು ದೇವತೆಗೆ ಕಣ್ಣು ಕಟ್ಟಿ, ಕಣ್ಣಿಲ್ಲದ ಮನುಷ್ಯನಿಗೆ ಪೀಠ ಕೊಡದ ಕಾಲ ದೀರ್ಘವಾಗಿತ್ತು. ಮೊದಲ ಸುದ್ದಿಗೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಗಲಿಲ್ಲ.

ಓದಿನ ಪ್ರಶ್ನೆ ಉಳಿದಿದೆ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧ ಮತ್ತು ಕಿವುಡ ಮಕ್ಕಳ ಶಾಲೆ ತೆರೆದದ್ದು 1901ರಲ್ಲಿ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಸಂಕೇತ, ಅಂದರೆ ಭಾರತಿ ಬ್ರೈಲ್, ರೂಪುಗೊಂಡದ್ದು 1951ರ ಸುಮಾರಿಗೆ. ಅದರಲ್ಲಿ ಕನ್ನಡದ ಕಕ್ಕೂ ಮರಾಠಿಯ ಕಕ್ಕೂ ಚುಕ್ಕೆಗಳು ಅವೇ ಎರಡು. ಅಂಗಡಿ ಬೋರ್ಡಿನ ಲಿಪಿಗಾಗಿ ಕಲ್ಲು ಬೀಳುವ ಈ ಗಡಿಯಲ್ಲಿ ಜತ್ತಿನ ಅಂಧ ಮಗು ಎರಡು ಭಾಷೆಗೂ ಒಂದೇ ವರ್ಣಮಾಲೆ ಕಲಿಯುತ್ತದೆ. ಈಗ ಬ್ರೈಲಿಗಿಂತ ಮೊಬೈಲು ಮುಂದೆ. ಪರದೆಯ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಕನ್ನಡಕ್ಕೂ ಬಂದಿದೆ. ಅಂಧರಿಗಾಗಿ ಪುಸ್ತಕದ ಪ್ರತಿ ಮಾಡಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿತು. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ತೊಡಕಿರುವುದು ನಮ್ಮ ಕಡತಗಳಲ್ಲಿ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಜೋಡಿಸಿದ ಪುಟ ಕಣ್ಣಿಗೆ ಅಚ್ಚುಕಟ್ಟು, ಓದುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಮೌನ. ಯೂನಿಕೋಡಿನಲ್ಲಿ ಸಿದ್ಧಪಡಿಸಿದ ಒಂದು ಪ್ರತಿಯನ್ನು ಪ್ರಕಾಶಕರು ತೆಗೆದಿಟ್ಟರೆ ಹೊಸ ಪುಸ್ತಕಗಳ ಮಟ್ಟಿಗೆ ಕೆಲಸ ಮುಗಿಯಿತು. ಹಳೆಯ ಫಾಂಟಿನವನ್ನು ಪರಿವರ್ತಿಸಬೇಕು, ತಪ್ಪು ತಿದ್ದಬೇಕು. ಸ್ಕ್ಯಾನ್ ಆದವನ್ನು ಪಠ್ಯವಾಗಿಸಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಇದು ಆಗದ ಕೆಲಸವೇನಲ್ಲ, ಗದಾಯುದ್ಧದಿಂದಲೇ ಶುರುಮಾಡಬಹುದು.